ಸಾಹೇಬನ ಪಥ್ಯ

ಸೆಪ್ಟೆಂಬರ್ ೧, ಸೋಮವಾರ

ಅಕ್ಕ ಇವತ್ತು ಎರಡೂ ಮಂಡಿಗಳ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದಳು. ಹೋಗುವ ಮುಂಚೆ ನನ್ನ ಮನೆಯಲ್ಲಿ ಒಂದು ಪಂಜರ, ಮೂರು ಚೀಲ ಒಣಹುಲ್ಲು, ಒಂದು ಡಬ್ಬಿ ನಯವಾದ ಧೂಳು, ಒಂದು ತಕ್ಕಡಿ, ಎರಡು ನೋಟ್‌ಬುಕ್ಕು ಮತ್ತು ಒಂದು ಚಿಂಚಿಲಾ ಇಳಿಸಿದಳು. ಧೂಳು ಯಾಕೆಂದು ಕೇಳಿದೆ. ಸ್ನಾನಕ್ಕಂತೆ. ಈ ಪ್ರಾಣಿ ಧೂಳಿನಲ್ಲಿ ಹೊರಳಾಡಿ ಶುಚಿಯಾಗುತ್ತದಂತೆ. ಚಿಕ್ಕಂದಿನಲ್ಲಿ ನಾನು ಇದೇ ಕೆಲಸ ಮಾಡಿದಾಗ ಇದೇ ಅಕ್ಕ ನನಗೆ ಬಾರಿಸಿದ್ದಳು.

ದೊಡ್ಡ ಬನ್ನಿನಷ್ಟು ಗಾತ್ರ, ಇಲಿಯ ಮೀಸೆ, ಅಳಿಲಿನ ಬಾಲ, ಬೂದು ಬಣ್ಣದ ತುಪ್ಪಳ. ಎರಡು ಕೈ ಎದೆಯ ಮುಂದೆ ಕಟ್ಟಿಕೊಂಡು, ಅರ್ಜಿ ತಿರಸ್ಕರಿಸುವವರ ಮುಖ ಮಾಡಿಕೊಂಡು ಕೂರುತ್ತದೆ. ಅದಕ್ಕೇ ಅಕ್ಕ ಅದನ್ನು ಸಾಹೇಬ ಎಂದು ಕರೆಯುತ್ತಾಳೆ. ನನ್ನ ಲೆಕ್ಕಕ್ಕೆ ಅದೊಂದು ಇಲಿ.

ಆರು ವಾರ ಇದನ್ನು ನೋಡಿಕೊಳ್ಳಬೇಕು. ಆಮೇಲೂ ಅಕ್ಕನಿಗೆ ನೆಲಕ್ಕೆ ಬಗ್ಗಿ ಪಂಜರ ಗುಡಿಸುವುದು ಆಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಈ ಜಾತಿ ಇಪ್ಪತ್ತು ವರ್ಷ ಬದುಕುತ್ತದೆ. ಸಾಹೇಬನಿಗೆ ಈಗ ಏಳು. "ನೀನೇ ಇಟ್ಕೋತೀಯಾ ಪುಟ್ಟಾ?" ಎಂದು ಅಕ್ಕ ಕೇಳಿದಳು. ಐವತ್ತೆರಡು ವರ್ಷವಾದರೂ ಅವಳಿಗೆ ನಾನು ಪುಟ್ಟನೇ. "ಅಯ್ಯೋ ಬೇಡಮ್ಮಾ" ಎಂದೆ. ಅವಳ ಮಾತು ಮುಗಿಯುವುದಕ್ಕೂ ನಾನು ಕಾದಿರಲಿಲ್ಲ. ಅವಳು ತಕ್ಕಡಿಯನ್ನು ಒಂದು ಸಲ ಸುಮ್ಮನೆ ಒರೆಸಿದಳು. ಈಗ ಅವಳ ಗೆಳತಿ, ಲೈಬ್ರರಿಯವರು, ಅಕ್ಟೋಬರ್ ಹನ್ನೆರಡಕ್ಕೆ ಬಂದು ತೆಗೆದುಕೊಂಡು ಹೋಗುತ್ತಾರೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ದಪ್ಪಗೆ ಸುತ್ತು ಹಾಕಿದ್ದೇನೆ.

ಗೋಡೆಗೆ ಅಂಟಿಸಿ ಹೋದ ಆದೇಶ ಹೀಗಿದೆ: ಹುಲ್ಲು ಸದಾ ತುಂಬಿರಲಿ, ಅದು ಜಗಿಯದಿದ್ದರೆ ಹಲ್ಲು ಬೆಳೆದುಕೊಂಡೇ ಹೋಗುತ್ತದೆ. ಹುಲ್ಲಿನ ಗುಳಿಗೆ ದಿನಕ್ಕೆ ಒಂದೂವರೆ ಚಮಚ. ನೀರು ದಿನಾ ಹೊಸದು. ಹಣ್ಣು ಇಲ್ಲ, ಬೀಜ ಇಲ್ಲ, ಬ್ರೆಡ್ಡು ಇಲ್ಲ, ಬಿಸ್ಕತ್ತು ಇಲ್ಲವೇ ಇಲ್ಲ, ನಿನ್ನ ತಲೆಹರಟೆ ಇಲ್ಲ. ದಿನವೂ ತೂಗಿ ಬರೆ.

ಅಕ್ಕ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವಳು. ಅಂಗಡಿಯವರು ಅವಳನ್ನು ಕಂಡರೆ ತಕ್ಕಡಿ ಜೊತೆ ತಮ್ಮ ಹೊಟ್ಟೆಯನ್ನೂ ಒಳಗೆ ಎಳೆದುಕೊಳ್ಳುತ್ತಿದ್ದರು. ಒಂದು ನೋಟ್‌ಬುಕ್ಕು ತೂಕ ಬರೆಯುವುದಕ್ಕೆ. ಎರಡನೆಯದು ಮೊದಲನೆಯದು ತುಂಬಿದರೆ ಬೇಕಾದೀತು ಎಂದು. ಆ ಎರಡನೆಯದರಲ್ಲಿ ಇದನ್ನು ಬರೆಯುತ್ತಿದ್ದೇನೆ. ಎಲ್ಲಾದರೂ ಒಂದು ಕಡೆ ಮನುಷ್ಯ ಬಾಯಿಬಿಟ್ಟು ಮಾತಾಡಬೇಕಲ್ಲ.

ತೂಕ ೫೪೮ ಗ್ರಾಂ.

ಸೆಪ್ಟೆಂಬರ್ ೩, ಬುಧವಾರ

ಆಪರೇಷನ್ ಸಾಂಗವಾಗಿ ಮುಗಿಯಿತು. ಅಕ್ಕ ಅರೆಪ್ರಜ್ಞೆಯಲ್ಲೇ ಫೋನ್ ಮಾಡಿ "ತೂಕ ಎಷ್ಟು?" ಎಂದಳು. ಐನೂರ ನಲವತ್ತೇಳು ಎಂದೆ. "ಹಿಕ್ಕೆ?" ಎಂದಳು. ಹಿಕ್ಕೆಯನ್ನೂ ನೋಡಬೇಕೆಂದು ನನಗೆ ಗೊತ್ತಿರಲಿಲ್ಲ. ಬೇಕಾದಷ್ಟಿದೆ ಎಂದೆ. ಅದು ಸುಳ್ಳಲ್ಲ. ನನ್ನ ಚಪ್ಪಲಿಯಲ್ಲೂ ಇದೆ.

ಇಪ್ಪತ್ತಾರು ವರ್ಷದಿಂದ ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವುದು ನನ್ನ ಕೆಲಸ. ಬೇರೆಯವರು ತಿನ್ನುವುದನ್ನು ಮೊದಲು ನಾನು ತಿಂದು ಅಂಕ ಕೊಡಬೇಕು. ಅಭ್ಯಾಸಬಲ, ಸಾಹೇಬನ ಊಟವನ್ನೂ ಇವತ್ತು ರುಚಿ ನೋಡಿದೆ.

ಒಣಹುಲ್ಲು. ಗರಿಗರಿತನ ಏಳು. ಪರಿಮಳ ಮೂರು, ಹಳೆಯ ಹಾಸಿಗೆಯದು. ಸಿಹಿ ಸೊನ್ನೆ. ಬಾಯಲ್ಲಿ ಕರಗುವಿಕೆ: ಬೆಳಿಗ್ಗೆ ಎಂಟಕ್ಕೆ ಬಾಯಿಗಿಟ್ಟದ್ದು ಒಂಬತ್ತಕ್ಕೂ ಇತ್ತು.

ಗುಳಿಗೆ. ಬಣ್ಣ ಎರಡು. ರುಚಿ ಎಂಬುದಿಲ್ಲ. ಶಿಫಾರಸು: ಮಾರುಕಟ್ಟೆಗೆ ಬಿಡತಕ್ಕದ್ದಲ್ಲ.

ಅಂಥದ್ದನ್ನು ಏಳು ವರ್ಷದಿಂದ ದಿನವೂ ತಿನ್ನುತ್ತಿದೆ. ಅದರ ಮುಖ ಯಾಕೆ ಹಾಗಿದೆ ಎಂದು ಈಗ ಅರ್ಥವಾಯಿತು.

ಸೆಪ್ಟೆಂಬರ್ ೬, ಶನಿವಾರ

ಸಂಜೆ ಟೀ ಕುಡಿಯುತ್ತಿದ್ದೆ. ನಾಲ್ಕು ಚಮಚ ಸಕ್ಕರೆ, ಪಕ್ಕದಲ್ಲಿ ಬೆಣ್ಣೆ ಬಿಸ್ಕತ್ತು. ಸಾಹೇಬ ಪಂಜರದ ಸರಳು ಹಿಡಿದು ನಿಂತು ನನ್ನ ಬಾಯನ್ನೇ ನೋಡಿತು. ಒಂದು ಬಿಸ್ಕತ್ತು ಮುಗಿಯುವವರೆಗೂ ನೋಡಿತು. ಎರಡನೆಯದಕ್ಕೆ ನಾನು ಬೆನ್ನು ತಿರುಗಿಸಿ ಕೂತೆ. ನನ್ನ ಮನೆಯಲ್ಲಿ ನಾನೇ ಕಳ್ಳನ ಹಾಗೆ ತಿನ್ನಬೇಕಾಯಿತು.

ಅಮ್ಮ ಹೋದಾಗ ನನಗೆ ಎಂಟು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅವಳೇ ನನ್ನನ್ನು ಸಾಕಿದ್ದು. ತೂಗಿ ತೂಗಿ ಸಾಕಿದಳು. ಸಕ್ಕರೆ ಡಬ್ಬಿಗೆ ಬೀಗ ಹಾಕಿ ಬೀಗದ ಕೈಯನ್ನು ಕೊರಳಲ್ಲಿ ಹಾಕಿಕೊಂಡಿದ್ದಳು. ನಾನು ಈ ಕೆಲಸಕ್ಕೆ ಯಾಕೆ ಸೇರಿದೆ ಎಂದು ಯಾರೂ ಕೇಳಬೇಕಾಗಿಲ್ಲ.

ಇದೂ ಅದೇ ಕೈಯಲ್ಲಿ ಬೆಳೆದದ್ದು. ಪಾಪ ಅನ್ನಿಸಿತು. ಒಂದು ಒಣದ್ರಾಕ್ಷಿ ಕೊಟ್ಟೆ. ಒಂದೇ ಒಂದು. ಎರಡು ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ, ಕಣ್ಣು ಮುಚ್ಚಿಕೊಂಡು ತಿಂದಿತು. ನನ್ನ ವೃತ್ತಿಜೀವನದಲ್ಲಿ ಯಾರೂ ಹಾಗೆ ತಿಂದದ್ದನ್ನು ನಾನು ನೋಡಿಲ್ಲ.

ಸೆಪ್ಟೆಂಬರ್ ೮, ಸೋಮವಾರ

ಕಾರ್ಖಾನೆಯಲ್ಲಿ ಹೊಸ ಪೀಡೆ. ಜನರಿಗೆ ಆರೋಗ್ಯದ ಹುಚ್ಚು ಹಿಡಿದಿದೆಯಂತೆ, ಸಕ್ಕರೆ ಕಡಿಮೆ ಇರುವ ಬಿಸ್ಕತ್ತು ತರಬೇಕಂತೆ. ಮ್ಯಾನೇಜರು, ನಿನ್ನೆ ಮೊನ್ನೆ ಮೀಸೆ ಬಂದ ಹುಡುಗ, ಏಳು ಮಾದರಿ ತಂದಿಟ್ಟ. ಏಳನೆಯದು ಎಲ್ಲಕ್ಕಿಂತ ಕಳಪೆ. ವರದಿಯಲ್ಲಿ ಒಂದೇ ಪದ ಬರೆದೆ: ರಟ್ಟು. ಅವನ ಮುಖ ಬಾಡಿತು.

ಇವತ್ತು ದ್ರಾಕ್ಷಿ ಎರಡು.

ಸೆಪ್ಟೆಂಬರ್ ೧೦, ಬುಧವಾರ

ಮನೆಯಲ್ಲೇ ಸಾಹೇಬನಿಗಾಗಿ ಒಂದು ಬಿಸ್ಕತ್ತು ತಯಾರಿಸಿದೆ. ಸುಮ್ಮನೆ ಅಲ್ಲ, ಶಾಸ್ತ್ರೋಕ್ತವಾಗಿ. ಗುಳಿಗೆಯನ್ನು ಪುಡಿ ಮಾಡಿ, ಓಟ್ಸು ಬೆರೆಸಿ, ಜೇನುತುಪ್ಪ ಹಾಕಿ, ಬಾದಾಮಿ ಚೂರು, ದ್ರಾಕ್ಷಿ, ಅಂಚಿಗೆ ಒಂದಿಷ್ಟು ಬೆಣ್ಣೆ. ಗುಳಿಗೆ ಇರುವುದರಿಂದ ಆದೇಶವನ್ನು ಪೂರ್ತಿ ಮೀರಿದಂತೆ ಆಗುವುದಿಲ್ಲ. ಮೇಲಾಗಿ ಓಟ್ಸು ಆರೋಗ್ಯಕ್ಕೆ ಒಳ್ಳೆಯದು ಎಂದು ಡಬ್ಬಿಯ ಮೇಲೇ ಬರೆದಿದೆ. ಮೊದಲ ಸಲ ಸ್ವಲ್ಪ ಗಟ್ಟಿಯಾಯಿತು, ಜೇನು ಹೆಚ್ಚಿಸಿದೆ. ಎರಡನೆಯ ಸಲಕ್ಕೆ ನಾನೇ ಒಂಬತ್ತು ಅಂಕ ಕೊಟ್ಟೆ.

ಸಾಹೇಬ ಒಂದು ತಿಂದು, ಪಂಜರದ ಮೂರು ಗೋಡೆಗಳಿಗೂ ಹಾರಿ ಬಡಿದು, ವಾಪಸ್ಸು ಬಂದು ಕೈಚಾಚಿತು. ಹತ್ತು ಅಂಕ ಎಂದು ಅರ್ಥ.

ಸೆಪ್ಟೆಂಬರ್ ೧೩, ಶನಿವಾರ

ಈಗ ನಾನು ಬೀಗ ತೆಗೆಯುವ ಸದ್ದಿಗೇ ಸಾಹೇಬ ಎದ್ದು ನಿಲ್ಲುತ್ತಾನೆ. ಮನೆಗೆ ಬಂದರೆ ಕಾಯುವವರು ಒಬ್ಬರಿದ್ದಾರೆ ಎನ್ನುವುದು ಕೆಟ್ಟ ವಿಷಯವೇನಲ್ಲ. ಹುಲ್ಲನ್ನು ಮೂಸಿಯೂ ನೋಡುವುದಿಲ್ಲ. ಯಾಕೆ ನೋಡಬೇಕು? ತೂಕ ೫೭೧! ಎರಡು ವಾರ ತುಂಬುವ ಮುಂಚೆಯೇ ಇಪ್ಪತ್ತಮೂರು ಗ್ರಾಂ ಏರಿಸಿದ್ದೇನೆ. ಅಕ್ಕನ ಕೈಯಲ್ಲಿ ಏಳು ವರ್ಷ ಇದು ಆಗಿರಲಿಲ್ಲ.

ಆದರೆ ಅವಳಿಗೆ ಹೇಳುವಂತಿಲ್ಲ, ತೂಕದ ಪುಸ್ತಕದಲ್ಲಿ ಬರೆಯುವಂತೆಯೂ ಇಲ್ಲ. ಐನೂರ ಐವತ್ತು ಎಂದೆ.

ಸೆಪ್ಟೆಂಬರ್ ೧೫, ಸೋಮವಾರ

ಸಿಕ್ಕಿಬೀಳುವುದರಲ್ಲಿದ್ದೆ. ಅಕ್ಕ ಈಗ ಆಸ್ಪತ್ರೆಯಿಂದ ಆರೈಕೆ ಕೇಂದ್ರಕ್ಕೆ ಬಂದಿದ್ದಾಳೆ, ತಲೆ ಪೂರಾ ತಿಳಿಯಾಗಿದೆ. ಇವತ್ತೂ ಐನೂರ ಐವತ್ತು ಎಂದೆ.

"ಶನಿವಾರ ಎಷ್ಟು?"

"ಐನೂರ ಐವತ್ತು."

"ಭಾನುವಾರ?"

"ಐನೂರ ಐವತ್ತು ಅಕ್ಕ. ಒಂದೇ ಸಮ ಇದೆ. ಒಳ್ಳೇದಲ್ವಾ?"

"ಜೀವ ಇರೋ ಪ್ರಾಣಿ ಮೂರು ದಿನ ಒಂದೇ ತೂಕ ಇರಲ್ಲ ಪುಟ್ಟಾ. ಕಬ್ಬಿಣದ ಬಟ್ಟು ಇರುತ್ತೆ. ತಕ್ಕಡಿ ಸರಿಯಾಗಿ ಇಟ್ಟಿದೀಯೋ ಇಲ್ವೋ ನೋಡು."

ನೋಡುತ್ತೇನೆ ಎಂದೆ. ನಾಳೆಯಿಂದ ೫೫೧, ೫೪೯, ೫೫೨, ೫೫೦, ೫೪೭ ಎಂದು ಹೇಳುವುದು. ಒಂದು ಚೀಟಿಯಲ್ಲಿ ಮುಂದಿನ ಹತ್ತು ದಿನಕ್ಕೆ ಬೇಕಾದ ತೂಕಗಳನ್ನು ಬರೆದಿಟ್ಟುಕೊಂಡಿದ್ದೇನೆ.

ಸೆಪ್ಟೆಂಬರ್ ೧೭, ಬುಧವಾರ

ಬೀಗ ತೆಗೆದೆ. ಸಾಹೇಬ ಎದ್ದು ನಿಲ್ಲಲಿಲ್ಲ. ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕೂತಿದ್ದ. ಬಿಸ್ಕತ್ತು ಹಿಡಿದೆ, ಮುಖ ತಿರುಗಿಸಿದ. ಬೆಳಿಗ್ಗೆ ಇಟ್ಟದ್ದೂ ಹಾಗೇ ಬಿದ್ದಿತ್ತು. ಚಪ್ಪಲಿಯಲ್ಲಿ ಹಿಕ್ಕೆ ಇಲ್ಲ. ಪಂಜರದಲ್ಲೂ ಇಲ್ಲ. ಹೊಟ್ಟೆ ಮುಟ್ಟಿದರೆ ಗಾಳಿ ತುಂಬಿದ ಚೆಂಡಿನ ಹಾಗಿದೆ.

ಆರಕ್ಕೆ ಸರಿಯಾಗಿ ಅಕ್ಕನ ಫೋನು. ಚೀಟಿ ನೋಡಿ ೫೪೯ ಎಂದೆ.

ಫೋನಿಟ್ಟ ಮೇಲೆ ಟವಲಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆ. ಕಾಯುವವರಲ್ಲಿ ಮೂರು ನಾಯಿ, ಒಂದು ಗಿಣಿ. ನಾಯಿಗಳನ್ನು ಕಂಡು ನಾನೇ ಗೋಡೆಗೆ ಒತ್ತಿಕೊಂಡು ಕೂತೆ, ಅವನಿಗೆ ಹೇಗಾಗಿರಬೇಡ. ಡಾಕ್ಟರಮ್ಮ ಹೊಟ್ಟೆಗೆ ಕಿವಿಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು.

"ಏನು ತಿನ್ಸಿದ್ರಿ?"

"ಹುಲ್ಲು ಡಾಕ್ಟ್ರೇ. ಗುಳಿಗೆ."

"ನೀವೇನು ಕೆಲಸ ಮಾಡ್ತೀರಿ?"

"ಬಿಸ್ಕತ್ತು ಕಾರ್ಖಾನೆ..."

"ಸರಿ. ಈಗ ಮೊದಲಿಂದ ಹೇಳಿ. ಏನು ತಿನ್ಸಿದ್ರಿ?"

ಹೇಳಿದೆ. ಜೇನಿನ ಪ್ರಮಾಣ ಸಮೇತ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. "ಇವುಗಳಿಗೆ ವಾಂತಿ ಮಾಡೋಕೂ ಬರಲ್ಲ. ಒಳಗೆ ಹೋದದ್ದು ಮುಂದೆ ಹೋಗ್ಲೇಬೇಕು. ನಾರು ಇಲ್ಲದೆ ಸಕ್ಕರೆ, ಕೊಬ್ಬು ಹೋದ್ರೆ ಕರುಳು ನಿಂತುಹೋಗುತ್ತೆ. ಇವನದ್ದು ನಿಂತಿದೆ" ಎಂದರು. ಬದುಕುತ್ತಾನಾ ಎಂದು ಕೇಳಿದೆ. ಹೊಟ್ಟೆ ಓಡಿದರೆ ಬದುಕುತ್ತಾನೆ, ಎರಡು ದಿನ ಇಲ್ಲೇ ಇರಲಿ ಎಂದರು.

ಖಾಲಿ ಟವಲು ಹಿಡಿದುಕೊಂಡು ಮನೆಗೆ ಬಂದೆ.

ಸೆಪ್ಟೆಂಬರ್ ೧೮, ಗುರುವಾರ

ಕೆಲಸಕ್ಕೆ ಹೋಗಲಿಲ್ಲ. ಅಕ್ಕನಿಗೆ ೫೫೨ ಎಂದೆ.

ಸೆಪ್ಟೆಂಬರ್ ೧೯, ಶುಕ್ರವಾರ

ಹಿಕ್ಕೆ ಇನ್ನೂ ಇಲ್ಲ, ಇನ್ನೊಂದು ದಿನ ಇರಲಿ ಎಂದರು ಡಾಕ್ಟರಮ್ಮ.

ಸೆಪ್ಟೆಂಬರ್ ೨೦, ಶನಿವಾರ

ಮನೆಗೆ ಕರೆತಂದೆ. ಹೊಟ್ಟೆ ಸ್ವಲ್ಪ ಮೆತ್ತಗಾಗಿದೆ, ಕಿವಿಕೊಳವೆಯಲ್ಲಿ ಒಂದೆರಡು ಸದ್ದು ಕೇಳುತ್ತಿದೆಯಂತೆ. ಹಿಕ್ಕೆ ಮಾತ್ರ ಇಲ್ಲ. ಹುಲ್ಲಿನ ಹಿಟ್ಟನ್ನು ನೀರಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಮೂರು ಗಂಟೆಗೊಮ್ಮೆ ಬಾಯಿಯ ಪಕ್ಕದಿಂದ ಹಾಕಬೇಕು. ಅಷ್ಟಷ್ಟೇ. ಹೊಟ್ಟೆಯನ್ನು ಬೆರಳಿನಿಂದ ಸವರಬೇಕು.

ಬೆಳಿಗ್ಗೆ ಮೊದಲ ಸಿರಿಂಜು ನನ್ನ ಕನ್ನಡಕಕ್ಕೆ ಹೋಯಿತು. ಎರಡನೆಯದು ಅಂಗಿಗೆ. ಮೂರನೆಯದರಲ್ಲಿ ಅರ್ಧ ಒಳಗೆ ಹೋಯಿತು. ಅವನನ್ನು ಹಿಡಿಯುವಾಗ ಹೆದರಿ ಒಂದು ಹಿಡಿ ತುಪ್ಪಳ ನನ್ನ ಕೈಯಲ್ಲಿ ಬಿಟ್ಟ. ಆ ಜಾಗದಲ್ಲಿ ಬೋಳು ಬಿದ್ದಿದೆ. ಸಾಹೇಬ ಈಗ ಅರ್ಜಿ ತಿರಸ್ಕರಿಸುವವನ ಹಾಗಿಲ್ಲ. ಅರ್ಜಿ ಹಿಡಿದುಕೊಂಡು ಸಾಲಿನಲ್ಲಿ ನಿಂತವನ ಹಾಗಿದ್ದಾನೆ.

ಇವತ್ತು ಅಕ್ಕನಿಗೆ ನಿಜ ಹೇಳಬೇಕೆಂದುಕೊಂಡಿದ್ದೆ. ಅವಳೇ ಮೊದಲು, "ಎಡಗಡೆ ಮಂಡಿ ಊದಿಕೊಂಡಿದೆ ಪುಟ್ಟಾ, ತುಂಬಾ ನೋವು" ಎಂದಳು. ಅಕ್ಕ ನೋವು ಎಂದು ಹೇಳಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ೫೪೭ ಎಂದೆ.

ಸೆಪ್ಟೆಂಬರ್ ೨೧, ಭಾನುವಾರ

ಬೆಳಿಗ್ಗೆ ಆರೂ ಇಪ್ಪತ್ತು. ಒಂದು ಹಿಕ್ಕೆ!

ಚಿಕ್ಕದು, ಒಣಗಿದ್ದು, ಅಕ್ಕಿ ಕಾಳಿನಷ್ಟು. ಅದನ್ನು ಕಾಗದದ ಮೇಲೆ ಇಟ್ಟುಕೊಂಡು ಅತ್ತೆ. ಮನುಷ್ಯ ಯಾವ ಯಾವ ಕಾರಣಕ್ಕೆ ಅಳಬಹುದು ಎಂಬುದಕ್ಕೆ ಮಿತಿಯೇ ಇಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿ ಎಬ್ಬಿಸಿದೆ. "ಕಂಗ್ರಾಚುಲೇಷನ್ಸ್" ಎಂದರು, ಹೆರಿಗೆಯಾದವರಿಗೆ ಹೇಳುವ ಧಾಟಿಯಲ್ಲಿ.

ಸಂಜೆಯೊಳಗೆ ಹನ್ನೊಂದು.

ಸೆಪ್ಟೆಂಬರ್ ೨೫, ಗುರುವಾರ

ನಿಜವಾದ ತೂಕ ೫೦೬. ಎಂಥ ಭಾರದ ಅಂಕಿ ಇದು ನನ್ನ ಪಾಲಿಗೆ.

ರಜೆ ಹಾಕಿದ್ದೇನೆ. ಮ್ಯಾನೇಜರಿಗೆ ಮನೆಯಲ್ಲಿ ಹುಷಾರಿಲ್ಲ ಎಂದೆ. "ಯಾರಿಗೆ ಸಾರ್?" ಎಂದ. ಸಾಹೇಬರಿಗೆ ಎಂದೆ. ಮಾಲೀಕರಿಗೇ ಏನೋ ಆಗಿದೆ ಎಂದುಕೊಂಡು ಕಾರ್ಖಾನೆಯವರೆಲ್ಲ ಅವರ ಮನೆಗೆ ಹೂಗುಚ್ಛ ಕಳಿಸಿದರಂತೆ.

ಹುಲ್ಲು ಇನ್ನೂ ತಾನಾಗಿ ತಿನ್ನುತ್ತಿಲ್ಲ. ನಾನು ಪಂಜರದ ಮುಂದೆ ನೆಲದ ಮೇಲೆ ಕೂತು ಒಂದೊಂದೇ ಎಳೆ ಹಿಡಿಯುತ್ತೇನೆ. ಮೂಸುತ್ತಾನೆ, ಬಿಡುತ್ತಾನೆ. ನಾನು ಅದೇ ಎಳೆಯನ್ನು ಬಾಯಲ್ಲಿಟ್ಟು ಜಗಿದು ತೋರಿಸುತ್ತೇನೆ. ಮೂರು ಗಂಟೆ ಹೀಗೆ ಕೂತಿದ್ದೆ. ಟೀಗೆ ಸಕ್ಕರೆ ಹಾಕುವುದೇ ಮರೆತುಹೋಗಿತ್ತು, ಲೋಟ ತೊಳೆಯುವಾಗ ನೆನಪಾಯಿತು.

ಸೆಪ್ಟೆಂಬರ್ ೨೮, ಭಾನುವಾರ

ತಿಂದ! ತಾನೇ ತಿಂದ!

ಸಂಗತಿ ಹೀಗೆ. ಮೂರು ಚೀಲಗಳಲ್ಲಿ ಹುಲ್ಲು ಒಂದೇ ರೀತಿ ಇಲ್ಲ. ಒಂದನೆಯದು ಒರಟು, ಕಾಂಡ ಜಾಸ್ತಿ, ಕೊನೆಯಲ್ಲಿ ಚೂರು ಕಹಿ. ಎರಡನೆಯದಕ್ಕೆ ಬಿಸಿಲು ಹೆಚ್ಚು ಬಿದ್ದಿದೆ, ಹಳದಿ, ಪರಿಮಳ ಹೋಗಿದೆ. ಮೂರನೆಯದರ ತಳದಲ್ಲಿ ಮಾತ್ರ ಹಸಿರು ಉಳಿದಿರುವ ಎಲೆ ಭಾಗವಿದೆ. ಅದನ್ನು ನಿಧಾನವಾಗಿ ಜಗಿದರೆ ಮೊದಲು ಏನೂ ಇಲ್ಲ, ಆಮೇಲೆ ನಾಲಿಗೆಯ ಬದಿಯಲ್ಲಿ ಸಣ್ಣಗೆ, ಬಹಳ ಸಣ್ಣಗೆ ಒಂದು ಸಿಹಿ ಬರುತ್ತದೆ. ಬೆಳಗಿನಿಂದ ಕೂತು ಆ ಎಳೆಗಳನ್ನೇ ಆರಿಸಿ ಒಂದು ಕಟ್ಟು ಮಾಡಿಕೊಟ್ಟೆ. ಸಾಹೇಬ ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಯವರೆಗೆ ಕರಕರ ತಿಂದು ಮುಗಿಸಿದ. ಆ ಸದ್ದನ್ನು ಎಷ್ಟು ಹೊತ್ತಾದರೂ ಕೇಳಬಹುದು.

೫೧೪.

ಅಕ್ಟೋಬರ್ ೩, ಶುಕ್ರವಾರ

ಕೆಲಸಕ್ಕೆ ಮರಳಿದೆ. ಸಕ್ಕರೆ ಕಡಿಮೆ ಬಿಸ್ಕತ್ತಿನ ಮಾದರಿಗಳು ಮತ್ತೆ ಬಂದವು. ಒಂದಕ್ಕೆ ಎಂಟು ಅಂಕ ಕೊಟ್ಟು, ಗೋಧಿಯ ರುಚಿ ಚೆನ್ನಾಗಿ ತಿಳಿಯುತ್ತದೆ, ಉಪ್ಪು ಹದವಾಗಿದೆ ಎಂದು ಬರೆದೆ. ಮ್ಯಾನೇಜರು ವರದಿ ಹಿಡಿದುಕೊಂಡು ಓಡಿ ಬಂದ.

"ಸಾರ್, ಇದು ಅದೇ ಏಳನೇ ನಂಬರು. ಹೋದ ತಿಂಗಳು ರಟ್ಟು ಅಂತ ಬರೆದಿದ್ರಿ."

"ನೀವೇನೋ ಬದಲಾಯ್ಸಿದೀರ."

"ಇಲ್ಲ ಸಾರ್, ಅದೇ ಡಬ್ಬಿ. ಮಿಕ್ಕಿದ್ದನ್ನೇ ತಂದದ್ದು."

ಹಿಟ್ಟು ಕಲಸುವವರು ಅವನಿಗೆ ಹೇಳದೆ ಏನೋ ಬದಲಾಯಿಸಿದ್ದಾರೆ, ಹೊಸ ಹುಡುಗ, ಎಲ್ಲರೂ ಆಟ ಆಡಿಸುತ್ತಾರೆ. ಸಂಜೆ ಬೇಗ ಹೊರಟೆ. ಸಾಹೇಬ ಕಾಯುತ್ತಿರುತ್ತಾನೆ.

ಅಕ್ಟೋಬರ್ ೯, ಗುರುವಾರ

೫೩೧. ಬೋಳು ಬಿದ್ದ ಜಾಗದಲ್ಲಿ ತುಪ್ಪಳ ಬರುತ್ತಿದೆ. ಇವತ್ತು ಧೂಳಿನ ಸ್ನಾನ ಮಾಡಿಸಿದೆ. ಪಲ್ಟಿ ಹೊಡೆದು ನನ್ನ ಮುಖಕ್ಕೂ ಮಾಡಿಸಿದ.

ಭಾನುವಾರ ಲೈಬ್ರರಿಯವರು ಬರುತ್ತಾರೆ. ಕ್ಯಾಲೆಂಡರಿನಲ್ಲಿ ಯಾವನೋ ಮೂರ್ಖ ಆ ದಿನಕ್ಕೆ ದಪ್ಪಗೆ ಸುತ್ತು ಹಾಕಿದ್ದಾನೆ, ಅಡುಗೆಮನೆಗೆ ಹೋದಾಗಲೆಲ್ಲ ಕಣ್ಣಿಗೆ ಹೊಡೆಯುತ್ತದೆ. ಕಿತ್ತು ಡ್ರಾಯರಿಗೆ ಹಾಕಿದೆ.

ಅವರಿಗಾಗಿ ಸೂಚನೆ ಬರೆಯುತ್ತಿದ್ದೇನೆ. ಹುಲ್ಲನ್ನು ಹೇಗೆ ಆರಿಸಬೇಕು, ಹೊಟ್ಟೆಯನ್ನು ಯಾವ ದಿಕ್ಕಿಗೆ ಸವರಬೇಕು, ಆರೋಗ್ಯವಂತ ಹಿಕ್ಕೆ ಎಂದರೆ ಯಾವುದು. ನಾಲ್ಕು ಪುಟವಾಯಿತು. ನನ್ನಿಂದಾದದ್ದನ್ನು ಮಾತ್ರ ಬರೆದಿಲ್ಲ. ಬರೆದರೆ ಅಕ್ಕ ಓದುತ್ತಾಳೆ. ಓದಿದರೆ ನನ್ನ ಕೈಗೆ ಒಂದು ಇರುವೆಯನ್ನೂ ಕೊಡುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದು, ಸಮಯ ನೋಡಿ, ನಾನೇ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದರೆ ಕೊಟ್ಟರೂ ಕೊಡಬಹುದು.

ಕೇಳಬೇಕು ಅಂದುಕೊಂಡಿದ್ದೇನೆ. ಇಲ್ಲಿ ಬರೆದುಬಿಟ್ಟೆ, ಆಯಿತು.

ಅಕ್ಟೋಬರ್ ೧೨, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹತ್ತಕ್ಕೆ ಅಕ್ಕ ಬಂದಳು, ಕೋಲೂರಿಕೊಂಡು, ಆದರೆ ನೆಟ್ಟಗೆ. ಕುರ್ಚಿಯಲ್ಲಿ ಕೂತು ಕೋಲಿನ ತುದಿಯಿಂದ ಪಂಜರದ ತಟ್ಟೆ ಎಳೆದು ತಪಾಸಣೆ ಮಾಡಿದಳು. "ಇಳಿದುಹೋಗಿದಾನೆ" ಎಂದಳು. ಸೆಖೆಗೆ ಎಂದೆ. ಹೊರಗೆ ಗಾಳಿ ಬೀಸುತ್ತಿತ್ತು.

ಹನ್ನೊಂದಕ್ಕೆ ಲೈಬ್ರರಿಯವರು ಬಂದರು. ತುಂಬಾ ಒಳ್ಳೆಯ ಹೆಂಗಸು, ನಗುಮುಖ. ಒಂದು ಕೈಯಲ್ಲಿ ಮೆತ್ತೆ ಹಾಸಿದ ಬುಟ್ಟಿ, ಇನ್ನೊಂದರಲ್ಲಿ ರಿಬ್ಬನ್ ಕಟ್ಟಿದ ಚೀಲ. ಚೀಲದಲ್ಲಿ ಏನಿದೆ ಎಂದು ನೋಡಿದರೆ ಒಣದ್ರಾಕ್ಷಿ, ಬಾದಾಮಿ, ಸಕ್ಕರೆ ಸವರಿದ ಬಾಳೆಹಣ್ಣಿನ ಬಿಲ್ಲೆ.

ನಾನು ನಾಲ್ಕು ಪುಟದ ಸೂಚನೆ ಕೊಟ್ಟೆ. "ಓದೋದೇ ನನ್ನ ಕೆಲಸ ಅಲ್ವಾ, ನಿಧಾನವಾಗಿ ಓದ್ತೀನಿ" ಎಂದು ಮಡಿಸಿ ಪರ್ಸಿಗೆ ಹಾಕಿಕೊಂಡರು. ಆಮೇಲೆ ಪಂಜರದ ಮುಂದೆ ಕೂತು, "ಬಾರೋ ಮುದ್ದು, ನಮ್ಮನೆಗೆ ಬರ್ತೀಯಾ?" ಎನ್ನುತ್ತಾ ಒಂದು ದ್ರಾಕ್ಷಿಯನ್ನು ಸರಳಿನೊಳಗೆ ತೂರಿಸಿದರು. ಸಾಹೇಬನ ಮೀಸೆ ಅಲ್ಲಾಡಿತು. ಎರಡು ಕೈ ಮುಂದೆ ಬಂದವು.

ನಾನು ಹೇಗೆ ಹಾರಿದೆನೋ ಗೊತ್ತಿಲ್ಲ. ಅವರ ಬೆರಳಿನಿಂದ ದ್ರಾಕ್ಷಿ ಕಿತ್ತುಕೊಂಡೆ. ಕಿತ್ತುಕೊಂಡ ಮೇಲೆ ಎಲ್ಲಿಡಬೇಕೆಂದು ತೋಚದೆ ಬಾಯಿಗೆ ಹಾಕಿಕೊಂಡು ನುಂಗಿದೆ. ಇಬ್ಬರು ಹೆಂಗಸರೂ ನನ್ನನ್ನೇ ನೋಡುತ್ತಿದ್ದರು.

"ಒಂದು ದ್ರಾಕ್ಷಿ ತಿಂದ್ರೆ ಪಾಪ ಏನಾಗುತ್ತೆ?" ಎಂದರು ಲೈಬ್ರರಿಯವರು.

ಆಗ ಸುಮ್ಮನಿರಬಹುದಿತ್ತು. ಅಭ್ಯಾಸವಿಲ್ಲ ಮೇಡಂ, ಹುಲ್ಲೇ ಕೊಡಿ, ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅಷ್ಟು ಹೇಳಿದರೆ ಅವರು ಕೇಳುವುದಿಲ್ಲ. ನನಗೆ ಗೊತ್ತು, ನಾನೂ ಕೇಳಿರಲಿಲ್ಲ.

"ಏನಾಗುತ್ತೆ ಅಂತ ನಾನು ಹೇಳ್ತೀನಿ" ಎಂದೆ. ಹೇಳಿದೆ. ಒಂದು ದ್ರಾಕ್ಷಿಯಿಂದ ಶುರುಮಾಡಿ ಬಿಸ್ಕತ್ತು, ಜೇನು, ಚೆಂಡಿನಂಥ ಹೊಟ್ಟೆ, ಟವಲು, ನಿಂತುಹೋದ ಕರುಳು, ಸಿರಿಂಜು, ಕೈಗೆ ಬಂದ ತುಪ್ಪಳ, ಚೀಟಿಯಲ್ಲಿ ಬರೆದಿಟ್ಟುಕೊಂಡ ತೂಕಗಳು, ಎಲ್ಲವನ್ನೂ ಹೇಳಿದೆ. ಅಕ್ಕನ ಕಡೆ ನೋಡುವ ಧೈರ್ಯವಾಗದೆ ಬುಟ್ಟಿಯನ್ನು ನೋಡಿಕೊಂಡು ಹೇಳಿದೆ.

ಲೈಬ್ರರಿಯವರು ದ್ರಾಕ್ಷಿಯ ಚೀಲವನ್ನು ಬೆನ್ನ ಹಿಂದೆ ಇಟ್ಟುಕೊಂಡರು. "ಇವ್ರೇ, ನನ್ನ ಕೈಲಿ ಆಗಲ್ಲ. ಇವನು ಕೈಚಾಚಿದ್ರೆ ನಾನು ಕೊಟ್ಟೇಬಿಡ್ತೀನಿ. ಹತ್ತು ವರ್ಷದಿಂದ ಪುಸ್ತಕ ವಾಪಸ್ ತಂದಿಲ್ಲದವರನ್ನೂ ನಾನು ಗದರಿಸಿಲ್ಲ" ಎಂದು ಅಕ್ಕನ ಕೈ ಹಿಡಿದು ಹೇಳಿ, ಖಾಲಿ ಬುಟ್ಟಿ ಎತ್ತಿಕೊಂಡು ಹೊರಟರು. ನನ್ನ ಸೂಚನೆಯನ್ನು ಮೇಜಿನ ಮೇಲೆ ಇಟ್ಟು ಹೋದರು.

"ತೂಕದ ಪುಸ್ತಕ ಕೊಡು" ಎಂದಳು ಅಕ್ಕ.

ಕೊಟ್ಟೆ. ಪುಟ ತಿರುವಿದಳು. "ಎಲ್ಲಿಂದ ಎಲ್ಲಿವರೆಗೆ ಸುಳ್ಳು?"

"ಹೋದ ತಿಂಗಳು ಹದಿಮೂರರಿಂದ ನಿನ್ನೆವರೆಗೆ."

"ಐನೂರ ನಲವತ್ತೊಂಬತ್ತು?"

"ಅದೂ ಸುಳ್ಳೇ."

"ಕೆಂಪು ಪೆನ್ನು."

ಸಾ‌ಲು ಸಾಲಾಗಿ ಹೊಡೆದು ಹಾಕಿದಳು. ಡಾಕ್ಟರಮ್ಮನ ಚೀಟಿಗಳನ್ನೂ ಈ ನೋಟ್‌ಬುಕ್ಕಿನ ಅಂಕಿಗಳನ್ನೂ ನೋಡಿಕೊಂಡು ನಿಜವಾದ ತೂಕಗಳನ್ನು ನನ್ನ ಕೈಯಲ್ಲೇ ಪಕ್ಕದಲ್ಲಿ ಬರೆಸಿ, ಒಂದೊಂದಕ್ಕೂ ಸಹಿ ಹಾಕಿಸಿದಳು. ೫೦೬ ಬಂದಾಗ ಅವಳ ಬೆರಳು ಅಲ್ಲೇ ನಿಂತಿತು.

"ಆ ವಾರ ಪೂರ್ತಿ ನಾನು ಹಲ್ಲು ಕಚ್ಕೊಂಡು ಮಂಡಿ ಬಗ್ಗಿಸ್ತಾ ಇದ್ದೆ ಪುಟ್ಟಾ. ಇವನ ಮುಂದೆ ಬಂದು ನಿಲ್ಬೇಕು ಅಂತ. ನೀನು ಅಲ್ಲಿ ಐನೂರ ನಲವತ್ತು, ಐವತ್ತು ಅಂತ ಹೇಳ್ತಾ ಇರೋವಾಗ್ಲೇ ಇವನು ಹೋಗಿಬಿಟ್ಟಿದ್ರೆ?"

ಅವಳು ಕಣ್ಣೊರೆಸಿಕೊಂಡಳು. ಆ ಪೆನ್ನಿನ ಶಾಯಿ ಅವಳ ಕೆನ್ನೆಗೆ ಹತ್ತಿತು. ಹೇಳುವ ಧೈರ್ಯ ನನಗೆ ಬರಲಿಲ್ಲ. ಮೇಜಿನ ಮೇಲಿದ್ದ ನಾಲ್ಕು ಪುಟವನ್ನು ತೆಗೆದುಕೊಂಡು ಓದತೊಡಗಿದಳು. ಪ್ರತಿ ಸಾಲನ್ನೂ ಓದಿದಳು. ಪಂಜರದಲ್ಲಿ ಸಾಹೇಬ ಹುಲ್ಲು ಕಡಿಯುತ್ತಿದ್ದ.

ನಾನೇ ಕೇಳಿದೆ. ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿತ್ತು? "ಅಕ್ಕ, ನಾನೇ ಇಟ್ಕೋಲಾ?"

ಅವಳು ಪುಟಗಳನ್ನು ಅಂಚು ಕೂಡಿಸಿ ಮಡಿಸಿದಳು. ಆಮೇಲೆ, "ಮೋಸದ ತಕ್ಕಡಿ ಸಿಕ್ಕಿದ್ರೆ ಇಲಾಖೆಯಲ್ಲಿ ಏನ್ಮಾಡ್ತಿದ್ವಿ ಗೊತ್ತಾ?" ಎಂದಳು.

"ಒಡೆದು ಹಾಕ್ತಿದ್ರಿ."

"ಒಡೆದು ಹಾಕ್ತಾ ಹೋದ್ರೆ ಊರಲ್ಲಿ ತಕ್ಕಡಿ ಉಳಿಯುತ್ತಾ? ರಿಪೇರಿ ಮಾಡಿಸಿ, ಮುದ್ರೆ ಒತ್ತಿ, ಅವರಿಗೇ ವಾಪಸ್ ಕೊಡ್ತಿದ್ವಿ. ಆದ್ರೆ ವರ್ಷಕ್ಕೊಂದ್ಸಲ ತಂದು ತೋರಿಸ್ಬೇಕು." ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿನಗೆ ವರ್ಷ ಕೊಡೋಷ್ಟು ನಂಬಿಕೆ ಇಲ್ಲ. ನೀನು ವಾರಕ್ಕೊಂದ್ಸಲ ತಂದು ತೋರಿಸು."

ನನಗೆ ನಗು ಮತ್ತು ಅಳು ಎರಡೂ ಒಟ್ಟಿಗೆ ಬಂತು. ಸಾಹೇಬನ ಮೇಲೆ ನನಗೆ ಇಷ್ಟು ಪ್ರೀತಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಅಕ್ಕನ ಮೇಲೆ ಇದೆ ಎಂದು ಗೊತ್ತಿತ್ತು, ಇಷ್ಟು ಎಂದು ಗೊತ್ತಿರಲಿಲ್ಲ.

ಅಕ್ಟೋಬರ್ ೧೯, ಭಾನುವಾರ

ಮೊದಲ ತಪಾಸಣೆ, ಅಕ್ಕನ ಮನೆಯಲ್ಲಿ, ಬೆಳಿಗ್ಗೆ ಹತ್ತಕ್ಕೆ. ಅವಳದೇ ತಕ್ಕಡಿ. ನನ್ನ ಪುಸ್ತಕದಲ್ಲಿ ೫೪೧, ಅವಳ ತಕ್ಕಡಿಯಲ್ಲೂ ೫೪೧. ಅಕ್ಕ ಸಹಿ ಹಾಕಿದಳು. ಹಿಕ್ಕೆಯ ಮಾದರಿಯನ್ನೂ ಡಬ್ಬಿಯಲ್ಲಿ ಒಯ್ದಿದ್ದೆ, ಮೆಚ್ಚಿಕೊಂಡಳು. ಸಾಹೇಬ ಅವಳ ಮಡಿಲಲ್ಲಿ ಒಂದು ಗಂಟೆ ಕೂತಿದ್ದ. ಬಗ್ಗದೆಯೇ ಅವನನ್ನು ಮುಟ್ಟಲು ಸಾಧ್ಯವಾದದ್ದರಿಂದ ಅವಳಿಗೂ ಖುಷಿ.

ಹೊರಡುವಾಗ ಅಕ್ಕ ತಡೆದಳು. "ನೀನೂ ಮೇಲೆ ಹತ್ತು" ಎಂದು ಬಾಗಿಲ ಪಕ್ಕದ ದೊಡ್ಡ ತೂಕದ ಯಂತ್ರವನ್ನು ತೋರಿಸಿದಳು. ಹತ್ತಿದೆ. ಹೋದ ಸಲಕ್ಕಿಂತ ಆರು ಕೇಜಿ ಕಡಿಮೆ ತೋರಿಸಿತು.

"ಏನಾಗಿದೆ ನಿನಗೆ? ಊಟ ಮಾಡ್ತಿದೀಯಾ? ಏನು ತಿಂತಿದೀಯಾ?"

ಮಾಮೂಲಿನದ್ದೇ ತಿನ್ನುತ್ತಿದ್ದೇನೆ ಅಕ್ಕ, ನನ್ನಲ್ಲಿ ಏನೂ ಬದಲಾಗಿಲ್ಲ, ನಿನ್ನ ಯಂತ್ರದಲ್ಲೇ ಏನೋ ದೋಷ ಇರಬೇಕು, ಎಂದುಬಿಟ್ಟೆ.

ಇದಕ್ಕಾಗಿ ಮುಕ್ಕಾಲು ಗಂಟೆ ಬೈಸಿಕೊಂಡೆ. ಅಷ್ಟು ಹೊತ್ತೂ ಸಾಹೇಬ ಪೆಟ್ಟಿಗೆಯೊಳಗಿಂದ ನಮ್ಮಿಬ್ಬರನ್ನೂ ನೋಡುತ್ತಾ ಹುಲ್ಲು ತಿನ್ನುತ್ತಿದ್ದ.